ಬಿಸಿಲು ಪುಕ್ಕಟೆ, ನೀರಲ್ಲ

ಕೋಲಾರ ದಾಟಿ ಶ್ರೀನಿವಾಸಪುರದ ಕಡೆ ಹೊರಟರೆ ರಸ್ತೆಯ ಎರಡೂ ಬದಿ ಮಾವಿನ ತೋಪು. ಜೂನ್‌ನಲ್ಲಿ ಬಂದವರಿಗೆ ಬಾದಾಮಿ, ತೋತಾಪುರಿ ತುಂಬಿದ ಲಾರಿಗಳ ಸಾಲೇ ಕಾಣುತ್ತೆ. ನಾನು ಹೋದದ್ದು ಏಪ್ರಿಲ್‌ನಲ್ಲಿ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ಇದು. ಮರುಭೂಮಿಯೇನಲ್ಲ. ಆದರೆ ಬಿರುಕು ಬಿಟ್ಟ ಕೆರೆಯಂಗಳದಲ್ಲಿ ನಿಂತಾಗ ಆ ಮಾತು ಅಷ್ಟು ಧೈರ್ಯವಾಗಿ ಹೇಳೋಕೆ ಆಗಲ್ಲ. ಇಂಥ ಒಣ ಸೀಮೆಗೆ ಯಾವ ಕರೆಂಟು ಸರಿ ಅನ್ನೋ ಪ್ರಶ್ನೆ ಇಟ್ಟುಕೊಂಡೇ ಸುತ್ತಿದೆ.

ಈ ಪ್ರಶ್ನೆ ಇಲ್ಲಿಗೆ ಹಳೆಯದು. ಇದೇ ಜಿಲ್ಲೆಯ ಕೆಜಿಎಫ್ ಚಿನ್ನದ ಗಣಿಗೆ 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಜಲವಿದ್ಯುತ್ ತಂದರು. ಆಗಿನ ಕಾಲಕ್ಕೆ ಅದು ಜಗತ್ತಿನಲ್ಲೇ ದೊಡ್ಡ ಸಾಹಸ. ಇಲ್ಲಿ ನೀರಿಲ್ಲ, ಹಾಗಾಗಿ ನೀರಿದ್ದ ಕಡೆಯಿಂದ ಶಕ್ತಿ ಬಂತು.

ಈಗ ಇಲ್ಲೇ ಏನಿದೆ? ಗಾಳಿಯಂತ್ರಕ್ಕೆ ಹೆಸರಾದದ್ದು ಚಿತ್ರದುರ್ಗ, ಗದಗದ ಗುಡ್ಡಗಳು, ಈ ಸೀಮೆಯಲ್ಲ. ಉಳಿದದ್ದು ಬಿಸಿಲು. ಅದರಲ್ಲೂ ಈ ಊರಿಗೊಂದು ಅನುಕೂಲ ಇದೆ. ಸೋಲಾರ್ ಪ್ಯಾನೆಲ್‌ಗೆ ಬೇಕಾದ್ದು ಬೆಳಕು, ಕಾವಲ್ಲ. 25 ಡಿಗ್ರಿ ದಾಟಿದ ಮೇಲೆ ಪ್ಯಾನೆಲ್ ಬಿಸಿಯಾದಷ್ಟೂ ಉತ್ಪಾದನೆ ಇಳಿಯುತ್ತೆ. ಸಮುದ್ರಮಟ್ಟದಿಂದ 800 ಮೀಟರ್‌ಗೂ ಎತ್ತರದಲ್ಲಿರುವ ಕೋಲಾರದ ಸೀಮೆ ರಾಯಚೂರಿನಷ್ಟು ಕಾಯೋದಿಲ್ಲ. ಕೆಪಿಸಿಎಲ್ ತನ್ನ ಮೊದಮೊದಲ 3 ಮೆಗಾವ್ಯಾಟ್ ಸೋಲಾರ್ ಸ್ಥಾವರವನ್ನು ಇದೇ ಜಿಲ್ಲೆಯ ಯಳೇಸಂದ್ರದಲ್ಲಿ ಹಾಕಿದ್ದು 2009ರ ಕೊನೆಯಲ್ಲಿ. ರೈತರ ಪಂಪ್‌ಸೆಟ್‌ಗೆ ಹಗಲಲ್ಲೇ ಕರೆಂಟು ಕೊಡೋದು ಅದರ ಉದ್ದೇಶ.

ಅಂದರೆ ಉತ್ತರ ಸಿಕ್ಕಿತು ಅಂದುಕೊಂಡೆ. ತೋಪಿನ ಅಂಚಲ್ಲಿ ಟೊಮೆಟೊಗೆ ಹನಿ ಪೈಪು ಸರಿಮಾಡುತ್ತಿದ್ದ ಹಿರಿಯರನ್ನು ಮಾತಾಡಿಸಿದೆ.

“ಯಜಮಾನ್ರೇ, ಸೋಲಾರ್ ಮೋಟರ್ ಹಾಕಿಸ್ಬೋದಲ್ಲ? ರಾತ್ರಿ ಕರೆಂಟಿಗೆ ಕಾಯೋದು ತಪ್ಪುತ್ತೆ.”

ನಕ್ಕರು. “ತಪ್ತದಪ್ಪ, ನಿದ್ದೆನಾದ್ರೂ ಮಾಡ್ಬೋದು. ಬಿಸ್ಲು ಪುಕ್ಕಟೆ ಐತೆ. ನೀರು ಪುಕ್ಕಟೆ ಐತಾ? ದಿನಾ ಹಗಲೆಲ್ಲಾ ಮೋಟರ್ ಓಡ್ತಾ ಇದ್ರೆ ಬೋರ್ ಎಷ್ಟು ದಿನ ತಡೀತದೆ, ನೀನೇ ಹೇಳು.”

ನನ್ನ ಹತ್ತಿರ ಉತ್ತರ ಇರಲಿಲ್ಲ. ಫೋನ್ ತೆಗೆದು ಲೆಕ್ಕ ಹಾಕಿದೆ. ಸಾವಿರ ಲೀಟರ್ ನೀರನ್ನು ಸಾವಿರ ಅಡಿ ಮೇಲೆತ್ತಲು ಕಾಗದದ ಮೇಲಿನ ಲೆಕ್ಕಕ್ಕೇ 0.83 ಯೂನಿಟ್ ಬೇಕು. ಮೋಟರು, ಪೈಪಿನ ನಷ್ಟ ಸೇರಿದರೆ ಹೆಚ್ಚುಕಡಿಮೆ ದುಪ್ಪಟ್ಟು. ಅದೇ ನೀರು ನೂರು ಅಡಿಯಲ್ಲಿ ಸಿಕ್ಕರೆ ಹತ್ತರಲ್ಲಿ ಒಂದು ಪಾಲು ಸಾಕು. ಕೋಲಾರದಲ್ಲಿ ಸಾವಿರ ಅಡಿ ದಾಟಿದ ಬೋರ್‌ಗಳು ಈಗ ಸುದ್ದಿಯೇ ಅಲ್ಲ. ಅಂದರೆ ಇಲ್ಲಿ ಕರೆಂಟಿನ ಪ್ರಶ್ನೆ ಅನ್ನೋದು ಅರ್ಧಕ್ಕರ್ಧ ನೀರಿನ ಪ್ರಶ್ನೆ. ಒಂದು ಕೆರೆ ತುಂಬಿ ಸುತ್ತಲ ಅಂತರ್ಜಲ ಮೇಲೆ ಬಂದರೆ, ಅದು ಯೂನಿಟ್‌ಗಟ್ಟಲೆ ವಿದ್ಯುತ್ ಉಳಿಸಿದ ಹಾಗೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಸಂಸ್ಕರಣೆಯಾಗಿ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅದರ ಶುದ್ಧತೆಯ ಜಗಳ ಬೇರೆ, ಆದರೆ ಕೆರೆಗೂ ಕರೆಂಟು ಬಿಲ್ಲಿಗೂ ನಂಟಿರೋದು ನಿಜ.

ಹಾಗಾದರೆ ಸೋಲಾರ್ ಬೇಡವೇ? ಬೇಕು, ಆದರೆ ಗ್ರಿಡ್‌ಗೆ ಜೋಡಿಸಿದ್ದು. ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯ ರೈತರು ಸಹಕಾರ ಸಂಘ ಕಟ್ಟಿಕೊಂಡು, ಪಂಪ್‌ಗೆ ಬಳಸಿ ಮಿಕ್ಕ ಸೌರವಿದ್ಯುತ್ತನ್ನು 2016ರಲ್ಲೇ ಮಾರಲು ಶುರುಮಾಡಿದರು. ಮಿಕ್ಕ ಬಿಸಿಲಿಗೆ ಕಾಸು ಸಿಗೋದಾದರೆ ಮೋಟರ್ ಆಫ್ ಮಾಡೋಕೆ ಒಂದು ಕಾರಣ ಹುಟ್ಟುತ್ತೆ. ಗ್ರಿಡ್ ಇಲ್ಲದ ಒಂಟಿ ಸೋಲಾರ್ ಪಂಪಿನಲ್ಲಿ ಆ ಕಾರಣವೇ ಇಲ್ಲ. ಬಳಸದ ಬಿಸಿಲು ಬರೀ ನಷ್ಟ ಅನಿಸುತ್ತೆ.

ಇನ್ನೊಂದು ಶಕ್ತಿ ಕೊಟ್ಟಿಗೆಯಲ್ಲೇ ಇದೆ. ಹಾಲಿಗೆ ಹೆಸರಾದ ಜಿಲ್ಲೆ ಇದು, ಸಗಣಿಗೇನು ಬರ? ಹಿಂದೆ ಕೋಲಾರಕ್ಕೇ ಸೇರಿದ್ದ ಬಾಗೇಪಲ್ಲಿ ಸೀಮೆಯಲ್ಲಿ ಕೂಲಿ ಸಂಘದವರು 5,500 ಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟಿಸುವ ಯೋಜನೆ ಕೈಗೆತ್ತಿಕೊಂಡರು. ಸಗಣಿಯಷ್ಟೇ ನೀರು ಕಲಸಬೇಕು, ನಿಜ. ಆದರೆ ಆ ನೀರು ಬಗ್ಗಡವಾಗಿ ಗಿಡದ ಬುಡಕ್ಕೇ ಹೋಗುತ್ತೆ. ಅಡುಗೆಗೆ ಸೌದೆ ಹುಡುಕೋದೂ ತಪ್ಪುತ್ತೆ.

ನಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಇಂಥ ಊರುಗಳಲ್ಲೇ ಇದ್ದಾರೆ. “ಸೋಲಾರ್ ಹಾಕಿಸೋಣ್ವೇನೋ?” ಅಂತ ಫೋನ್ ಬಂದರೆ ಸಬ್ಸಿಡಿ ಎಷ್ಟು ಅನ್ನೋದಕ್ಕೂ ಮುಂಚೆ ಮೂರು ಮಾತು ಕೇಳಿ. ಬೋರ್ ಎಷ್ಟು ಅಡಿ? ಮಿಕ್ಕ ಕರೆಂಟು ಮಾರೋಕೆ ದಾರಿ ಇದೆಯಾ? ಹತ್ತಿರದ ಕೆರೆಯಲ್ಲಿ ನೀರು ನಿಲ್ಲುತ್ತಾ? ಮೂರನೆಯದಕ್ಕೆ ‘ಇಲ್ಲ’ ಅನ್ನೋ ಉತ್ತರ ಬಂದರೆ, ಮೊದಲ ಖರ್ಚು ಆಗಬೇಕಾದ್ದು ಆ ಕೆರೆಗೆ ನೀರು ತರುವ ಕಾಲುವೆಯ ಹೂಳೆತ್ತಲಿಕ್ಕೆ. ಪ್ಯಾನೆಲ್ ಆಮೇಲೆ ತಂದರೂ ಆಗುತ್ತೆ. ಸೂರ್ಯ ಎಲ್ಲೂ ಹೋಗಲ್ಲ.