ಮರವಿಲ್ಲದ ನಾಡಿನ ಟ್ರೀ ರಿವರ್

ಮಕ್ಕಳೇ, ಮನೆಯಲ್ಲಿ ಅಟ್ಲಾಸ್ ಇದ್ದರೆ ಕೆನಡಾ ದೇಶದ ಪುಟ ತೆಗೆಯಿರಿ. ಮೇಲ್ಭಾಗದಲ್ಲಿ, ಉತ್ತರ ಧ್ರುವದ ಕಡೆಗೆ, ನೆಲವೆಲ್ಲ ಒಡೆದ ಹಂಚಿನ ಚೂರುಗಳಂತೆ ದ್ವೀಪಗಳಾಗಿ ಹರಡಿದೆ. ಆ ದ್ವೀಪಗಳಿಗೂ ಮುಖ್ಯ ನೆಲಕ್ಕೂ ನಡುವೆ ಕಾರೊನೇಶನ್ ಕೊಲ್ಲಿ ಎಂಬ ಕಡಲಿನ ತುಂಡೊಂದಿದೆ. ದಕ್ಷಿಣದಿಂದ ಹರಿದು ಬಂದು ಅದನ್ನು ಸೇರುವ ಹೊಳೆಯೊಂದರ ಹೆಸರು ಟ್ರೀ ರಿವರ್, ಅಂದರೆ ಮರದ ಹೊಳೆ. ತಮಾಷೆ ಏನು ಗೊತ್ತೇ? ಅಲ್ಲಿ ಮರಗಳೇ ಇಲ್ಲ! ಚಳಿಯ ಕಾರಣದಿಂದ ಮರಗಳ ಬೆಳವಣಿಗೆ ನಿಂತುಹೋಗುವ ಗಡಿಗಿಂತ ಈ ಹೊಳೆಯ ಬಾಯಿ ಉತ್ತರಕ್ಕಿದೆ. ನಾನು ಕಂಡ ವಿಲ್ಲೋ ಗಿಡಗಳಲ್ಲಿ ಹೆಚ್ಚಿನವು ನನ್ನ ಮೊಣಕಾಲಿನಷ್ಟೇ ಎತ್ತರ.

ನಾನು ಕುಂದಾಪುರದ ಕಡೆಯವನು. ಬಂಗುಡೆ, ಬೂತಾಯಿ ತಿಂದು, ಹೊಳೆ ಬದಿಯಲ್ಲಿ ಸಿಗಡಿ ಚುಚ್ಚಿದ ಗಾಳ ಹಾಕಿ ಕುಳಿತು ಬೆಳೆದವನು. ಮಗಳ ಮನೆ ಕೆನಡಾದ ಎಡ್ಮಂಟನ್‌ನಲ್ಲಿದೆ. ಅಳಿಯನಿಗೆ ಮೀನು ಹಿಡಿಯುವ ಹುಚ್ಚು. ಎರಡು ವರ್ಷ ಹಣ ಕೂಡಿಟ್ಟು, ಆಗಸ್ಟ್ ಮೊದಲ ವಾರದಲ್ಲಿ ನನ್ನನ್ನೂ ಹನ್ನೆರಡು ವರ್ಷದ ಮೊಮ್ಮಗನನ್ನೂ ಈ ಹೊಳೆಗೆ ಕರೆದುಕೊಂಡು ಹೋದ.

ಅಲ್ಲಿಗೆ ರಸ್ತೆಯೇ ಇಲ್ಲ. ಎಡ್ಮಂಟನ್‌ನಿಂದ ಯೆಲ್ಲೋನೈಫ್ ಎಂಬ ಊರಿಗೆ ವಿಮಾನ. ಅಲ್ಲಿಂದ ಇನ್ನೊಂದು ಸಣ್ಣ ವಿಮಾನದಲ್ಲಿ ಗ್ರೇಟ್ ಬೇರ್ ಸರೋವರ. ಪೂರ್ತಿಯಾಗಿ ಕೆನಡಾದೊಳಗೇ ಇರುವ ಸರೋವರಗಳಲ್ಲಿ ಇದೇ ದೊಡ್ಡದು. ವಿಸ್ತೀರ್ಣ ಸುಮಾರು 31,000 ಚದರ ಕಿಲೋಮೀಟರ್. ನಮ್ಮ ಕರ್ನಾಟಕವನ್ನು ಆರು ಪಾಲು ಮಾಡಿದರೆ ಒಂದು ಪಾಲಿನಷ್ಟು ಬರೀ ನೀರು! ಅದರ ದಡದಲ್ಲಿ ಮಂಜು ಕವಿದು ಒಂದು ದಿನ ಕಾದೆವು. ಮರುದಿನ ಚಕ್ರದ ಬದಲು ದೋಣಿಯಂಥ ಎರಡು ತೇಲುಗಳಿರುವ ವಿಮಾನ ನೀರಿನಿಂದಲೇ ಮೇಲೆದ್ದಿತು. ಸುಮಾರು ಎರಡು ಗಂಟೆ ಹಾರುವಷ್ಟು ಹೊತ್ತೂ ಕೆಳಗೆ ಒಂದು ಮನೆ ಕಾಣಲಿಲ್ಲ. ಕಲ್ಲು, ಪಾಚಿ, ಲೆಕ್ಕವಿಲ್ಲದಷ್ಟು ಕೆರೆಗಳು, ಒಂದೆಡೆ ಕ್ಯಾರಿಬೂ ಎಂಬ ಹಿಮಜಿಂಕೆಗಳ ಸಾಲು.

ಲಾಡ್ಜ್ ಎಂದರೆ ಬಸ್ ನಿಲ್ದಾಣದ ಎದುರಿನ ಲಾಡ್ಜ್ ನೆನಪಿಸಿಕೊಳ್ಳಬೇಡಿ. ಹೊಳೆಯ ದಂಡೆಯಲ್ಲಿ ನಾಲ್ಕಾರು ಸಣ್ಣ ಕೋಣೆಗಳು, ಊಟಕ್ಕೊಂದು ಕೋಣೆ, ಅಷ್ಟೆ. ಹಲಗೆ, ಮೊಳೆ, ಅಕ್ಕಿ, ಗ್ಯಾಸ್ ಸಿಲಿಂಡರ್ ಎಲ್ಲವೂ ವಿಮಾನದಲ್ಲೇ ಬರಬೇಕು. ಹತ್ತಿರದ ಊರು ಕುಗ್ಲುಕ್ಟುಕ್ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಮೊಬೈಲ್ ಸುಮ್ಮನೆ ಚೀಲದಲ್ಲಿ ಮಲಗಿತ್ತು. ರಾತ್ರಿ ಹನ್ನೊಂದಕ್ಕೂ ದೀಪವಿಲ್ಲದೆ ಪುಸ್ತಕ ಓದುವಷ್ಟು ಬೆಳಕು. ಸೊಳ್ಳೆಗಳಂತೂ ನಮ್ಮ ಮಳೆಗಾಲದ ಸೊಳ್ಳೆಗಳನ್ನು ನಾಚಿಸುವಂತಿದ್ದವು.

ಇಷ್ಟು ದೂರ ಜನ ಬರುವುದು ಒಂದೇ ಒಂದು ಮೀನಿಗಾಗಿ. ಅದರ ಹೆಸರು ಆರ್ಕ್ಟಿಕ್ ಚಾರ್. ಸಾಲ್ಮನ್ ಮತ್ತು ಟ್ರೌಟ್ ಮೀನುಗಳ ನೆಂಟ. ಸಿಹಿನೀರಿನ ಮೀನುಗಳಲ್ಲಿ ಇದರಷ್ಟು ಉತ್ತರಕ್ಕೆ ಹೋಗಿ ಬದುಕುವುದು ಬೇರೊಂದಿಲ್ಲ. ಚಾರ್ ಮರಿಗಳು ಹಲವು ವರ್ಷ ಹೊಳೆ, ಕೆರೆಗಳಲ್ಲೇ ಬೆಳೆಯುತ್ತವೆ. ಆಮೇಲೆ ಬೇಸಿಗೆಯಲ್ಲಿ ಮಂಜುಗಡ್ಡೆ ಒಡೆದಾಗ ಕಡಲಿಗೆ ಇಳಿಯುತ್ತವೆ. ಅಲ್ಲಿ ಒಂದೆರಡು ತಿಂಗಳು ಹೊಟ್ಟೆ ತುಂಬ ತಿಂದು, ಚಳಿಗಾಲ ಬರುವುದರೊಳಗೆ ಹೊಳೆಗೆ ಮರಳುತ್ತವೆ. ಏಕೆ ಮರಳಬೇಕು? ಕಡಲ ನೀರು ಉಪ್ಪಾದ್ದರಿಂದ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೂ ಹೆಪ್ಪುಗಟ್ಟುವುದಿಲ್ಲ. ಆದರೆ ಅಷ್ಟು ತಣ್ಣನೆಯ ನೀರಿನಲ್ಲಿ ಚಾರ್ ಉಳಿಯಲಾರದು. ಮಂಜುಗಡ್ಡೆಯ ಹೊದಿಕೆಯಡಿ ಸಿಹಿನೀರಿನ ಕೆರೆಯೇ ಅದಕ್ಕೆ ಬೆಚ್ಚಗಿನ ಮನೆ.

ವರ್ಷದ ಊಟವೆಲ್ಲ ಆ ಒಂದೆರಡು ತಿಂಗಳಲ್ಲೇ ಮುಗಿಯಬೇಕು. ಹಾಗಾಗಿ ಬೆಳವಣಿಗೆ ಬಹಳ ನಿಧಾನ. ನಮ್ಮ ಬೂತಾಯಿ ಒಂದೆರಡು ವರ್ಷದಲ್ಲಿ ದೊಡ್ಡದಾಗಿ ತಟ್ಟೆಗೆ ಬರುತ್ತದೆ. ನಾಲ್ಕೈದು ಕಿಲೋ ತೂಗುವ ಚಾರ್‌ಗೆ ಹತ್ತು ಹದಿನೈದು ವರ್ಷ ಆಗಿರಬಹುದು. ಬೆಳೆದ ಮೇಲೂ ಅದು ಪ್ರತಿ ವರ್ಷ ಮೊಟ್ಟೆ ಇಡುವುದಿಲ್ಲ. ಗಾಳದಲ್ಲಿ ಸಿಕ್ಕಿದ ಚಾರ್‌ಗಳಲ್ಲಿ ವಿಶ್ವದಾಖಲೆಯದ್ದು ಇದೇ ಟ್ರೀ ರಿವರ್‌ನದು. 1981ರಲ್ಲಿ ಸಿಕ್ಕಿದ ಆ ಮೀನಿನ ತೂಕ 32 ಪೌಂಡ್ 9 ಔನ್ಸ್, ಅಂದರೆ 14 ಕಿಲೋಗೂ ಮೇಲೆ.

ಹಿಡಿಯುವ ವಿಧಾನಕ್ಕೆ ಫ್ಲೈ ಫಿಶಿಂಗ್ ಎನ್ನುತ್ತಾರೆ. ಇಲ್ಲಿ ಎರೆಹುಳ ಇಲ್ಲ, ಸಿಗಡಿ ಇಲ್ಲ. ಕೊಕ್ಕೆಗೆ ಹಕ್ಕಿಯ ಗರಿ, ಬಣ್ಣದ ದಾರ, ಮಿನುಗುವ ಎಳೆ ಸುತ್ತಿ ಹುಳುವಿನಂತೆಯೋ ಮರಿಮೀನಿನಂತೆಯೋ ಕಾಣುವ ಹಾಗೆ ಮಾಡಿರುತ್ತಾರೆ. ಅದು ಗಾಳಿಗೆ ಹಾರುವಷ್ಟು ಹಗುರ. ದೂರಕ್ಕೆ ಎಸೆಯುವುದು ಹೇಗೆ? ಗುಟ್ಟು ದಾರದಲ್ಲಿದೆ. ದಾರವೇ ದಪ್ಪ, ಭಾರ. ಕೋಲನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬೀಸಿದರೆ ದಾರ ತಲೆಯ ಮೇಲೆ ಚಾಟಿಯಂತೆ ಬಿಚ್ಚಿಕೊಂಡು, ತುದಿಯ ಗರಿಯನ್ನು ನೀರಿನ ಮೇಲೆ ಮೆಲ್ಲಗೆ ಇಳಿಸುತ್ತದೆ. ಲಾಡ್ಜಿನ ನಿಯಮದಂತೆ ಕೊಕ್ಕೆಗೆ ಹಿಮ್ಮುಳ್ಳು ಇರಬಾರದು. ಹಾಗಿದ್ದರೆ ಮೀನಿನ ಬಾಯಿ ಹರಿಯದೆ ಕೊಕ್ಕೆ ಕಳಚುತ್ತದೆ.

ಎರಡನೆಯ ದಿನ ಮೊಮ್ಮಗನ ಕೋಲು ಬಿಲ್ಲಿನಂತೆ ಬಾಗಿತು. ಕಾಲು ಗಂಟೆ ಎಳೆದಾಟವಾಯಿತು. ಕೊನೆಗೆ ಕೈಬಲೆಗೆ ಬಂದ ಮೀನನ್ನು ಕಂಡು ನಾವೆಲ್ಲ ಮಾತು ಬಿಟ್ಟೆವು. ಕಡಲಿನಿಂದ ಆಗಷ್ಟೇ ಬಂದ ಚಾರ್ ಬೆಳ್ಳಿಯಂತಿರುತ್ತದೆ. ಮೊಟ್ಟೆ ಇಡುವ ಕಾಲ ಹತ್ತಿರವಾದಂತೆ ಕೆಂಪೇರುತ್ತದೆ. ಇದರ ಹೊಟ್ಟೆ ಮಾಗಿದ ಅಡಿಕೆಯ ಬಣ್ಣ, ಈಜುರೆಕ್ಕೆಗಳ ಅಂಚಿಗೆ ಸುಣ್ಣ ಹಚ್ಚಿದಂಥ ಬಿಳಿ ಗೆರೆ.

"ಇದನ್ನು ಬಿಡೋಣ. ಮಧ್ಯಾಹ್ನದ ಊಟಕ್ಕೆ ಸಣ್ಣದೊಂದು ಬೆಳ್ಳಿ ಮೀನು ಸಾಕು," ಎಂದ ನಮ್ಮ ಮಾರ್ಗದರ್ಶಿ. ಆತ ಕುಗ್ಲುಕ್ಟುಕ್‌ನ ಇನ್ಯುಯಿಟ್ ಜನಾಂಗದವ, ಐವತ್ತರ ಆಸುಪಾಸಿನವ. ಮೊಮ್ಮಗ ಕೈ ಒದ್ದೆ ಮಾಡಿಕೊಂಡು, ಮೀನಿನ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು ನಿಂತ. ಕಿವಿರು ಎರಡು ಸಲ ತೆರೆದು ಮುಚ್ಚಿತು. ಬಾಲ ಒಮ್ಮೆ ಬೀಸಿತು. ಮೀನು ಹೋಯಿತು.

ಅವನು ನನ್ನ ಕಡೆ ತಿರುಗಿದ. "ಅಜ್ಜಯ್ಯ, ಬಿಡುವುದೇ ಆದರೆ ಹಿಡಿದದ್ದು ಯಾಕೆ? ಅದಕ್ಕೆ ನೋವಾಗಲಿಲ್ಲವಾ?"

ಅಳಿಯ ಹೇಳಿದ, "ಬಿಟ್ಟರೆ ತಾನೇ ಮರಿ ಉಳಿಯುವುದು?" ಅದೂ ನಿಜವೇ. ಆದರೆ ಹುಡುಗನ ಪ್ರಶ್ನೆಗೆ ಅದು ಉತ್ತರವಾಗಲಿಲ್ಲ. ಮಾರ್ಗದರ್ಶಿ ಚಪ್ಪಟೆ ಕಲ್ಲಿನ ಮೇಲೆ ಊಟದ ಮೀನನ್ನು ಸೀಳುತ್ತ ನಿಧಾನವಾಗಿ ಮಾತಾಡಿದ. "ನನ್ನ ಅಜ್ಜಿ ಇದ್ದಿದ್ದರೆ ಹುಡುಗನ ಪರ ನಿಲ್ಲುತ್ತಿದ್ದಳು. ಮೀನು ಆಟದ ಸಾಮಾನಲ್ಲ, ಅನ್ನ ಎನ್ನುತ್ತಿದ್ದಳು. ಈ ಕೆಲಸದಿಂದ ನನ್ನ ಮನೆ ನಡೆಯುತ್ತದೆ. ಆದರೂ ಪ್ರತಿ ಸಲ ಅವಳ ಮಾತು ನೆನಪಾಗುತ್ತದೆ."

ಅನ್ನ ಎಂಬ ಮಾತು ಆ ನೆಲದಲ್ಲಿ ಹಗುರವಾದುದಲ್ಲ. 1821ರಲ್ಲಿ ಜಾನ್ ಫ್ರಾಂಕ್ಲಿನ್ ಎಂಬ ಇಂಗ್ಲಿಷ್ ನೌಕಾಧಿಕಾರಿಯ ತಂಡ ಇದೇ ಕರಾವಳಿಯಲ್ಲಿ ಹಾದುಹೋಯಿತು. ಕಾರೊನೇಶನ್ ಎಂಬ ಹೆಸರು ಕೊಟ್ಟವನೂ ಅವನೇ. ಮರಳುವ ದಾರಿಯಲ್ಲಿ ಆಹಾರ ಮುಗಿದು, ಅವರು ಬಂಡೆಯ ಮೇಲಿನ ಕಲ್ಲುಹೂವನ್ನೂ ಹಳೆಯ ಬೂಟಿನ ಚರ್ಮವನ್ನೂ ತಿನ್ನಬೇಕಾಯಿತು. ಇಪ್ಪತ್ತು ಜನರಲ್ಲಿ ಹನ್ನೊಂದು ಜನ ಹಿಂದಿರುಗಲಿಲ್ಲ. ಅದೇ ಸೀಮೆಯಲ್ಲಿ ಇನ್ಯುಯಿಟ್ ಜನ ತಲೆತಲಾಂತರದಿಂದ ಬಾಳಿದ್ದಾರೆ. ಹೊಳೆಗೆ ಅಡ್ಡಲಾಗಿ ಕಲ್ಲಿನ ಕಟ್ಟೆ ಕಟ್ಟಿ, ಮರಳಿ ಬರುವ ಚಾರ್‌ಗಳನ್ನು ಮೂರು ಮೊನೆಯ ಈಟಿಯಿಂದ ಹಿಡಿದು, ಅರ್ಧಚಂದ್ರದಂಥ ಊಲು ಕತ್ತಿಯಿಂದ ಸೀಳಿ, ಗಾಳಿಗೆ ಒಣಗಿಸಿಟ್ಟು ಚಳಿಗಾಲ ದಾಟುತ್ತಿದ್ದರು. ಇಂದಿಗೂ ಅಲ್ಲಿನ ಮನೆಗಳಲ್ಲಿ ಒಣ ಚಾರ್ ಇರುತ್ತದೆ. ಮಾರ್ಗದರ್ಶಿ ನನಗೊಂದು ಚೂರು ಕೊಟ್ಟ. ನಮ್ಮ ಒಣಮೀನಿನಷ್ಟು ಉಪ್ಪಿಲ್ಲ, ಅಗಿದಷ್ಟೂ ರುಚಿ.

ನಾನು ಅವನಿಗೆ ನಮ್ಮ ಕರಾವಳಿಯ ಸುದ್ದಿ ಹೇಳಿದೆ. ಮೀನು ಮರಿ ಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. "ಒಳ್ಳೆಯದು," ಎಂದು ತಲೆಯಾಡಿಸಿದ, "ಇಲ್ಲಿ ಆ ಕೆಲಸವನ್ನು ಮಂಜುಗಡ್ಡೆ ಮಾಡುತ್ತದೆ."

ಮೂರನೆಯ ದಿನ ಬೆಳಿಗ್ಗೆ ಮೊಮ್ಮಗ ಊಟಕ್ಕೆ ಬೇಕಾದ ಒಂದು ಮೀನು ಹಿಡಿದ. ಆಮೇಲೆ ಕೋಲನ್ನು ಬಿಚ್ಚಿ ಚೀಲದಲ್ಲಿಟ್ಟ. ಯಾರೂ ಹೇಳಿರಲಿಲ್ಲ. ಅಳಿಯನೂ ಮೊದಲು ಮುಖ ಸಪ್ಪೆ ಮಾಡಿಕೊಂಡವನು, ಸ್ವಲ್ಪ ಹೊತ್ತಿಗೆ ತಾನೂ ದಾರ ಸುತ್ತಿಕೊಂಡು ಬಂದು ನಮ್ಮ ಪಕ್ಕ ಕುಳಿತ. ಹೊಳೆಯ ನೀರು ಗಾಜಿನಂತಿತ್ತು. ಕಲ್ಲುಗಳ ನಡುವೆ ಚಾರ್‌ಗಳು ಒಂದರ ಹಿಂದೆ ಒಂದು ಮೇಲೇರುತ್ತಿದ್ದವು. ಕೆಲವು ಬೆಳ್ಳಿ, ಕೆಲವು ಕೆಂಪು. ಎಣಿಸೋಣ ಎಂದ ಮೊಮ್ಮಗ. ಮೂವತ್ತೇಳರ ತನಕ ಬಂದು ಲೆಕ್ಕ ತಪ್ಪಿತು. ಮತ್ತೆ ಒಂದರಿಂದ ಶುರುಮಾಡಿದೆವು.