ಆಲೆಟ್ಟಿಯ ಚಾವಡಿಯಲ್ಲಿ ಲೋಹನಾದ

ಸುಳ್ಯ ಪೇಟೆಯ ಗದ್ದಲವನ್ನು ಹಿಂದೆ ಬಿಟ್ಟು ಆಲೆಟ್ಟಿಯ ಹಾದಿ ಹಿಡಿದ ಪ್ರವಾಸಿಗೆ ಜೊತೆಗಾತಿಯಾಗಿ ಒದಗುವವಳು ಪಯಸ್ವಿನಿ. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯದ ಮಗ್ಗುಲಲ್ಲಿ ಹರಿದು, ಗಡಿ ದಾಟಿದ ಮೇಲೆ ಚಂದ್ರಗಿರಿಯೆಂಬ ಹೆಸರು ತಾಳಿ, ಕಾಸರಗೋಡಿನ ಬಳಿ ಕಡಲನ್ನು ಸೇರುವ ಹೊಳೆ ಇದು. ಹೊಳೆಯಂತೆಯೇ ಊರಿನ ಮಾತೂ ಒಂದೇ ಹೆಸರಿನಲ್ಲಿ ನಿಲ್ಲುವುದಿಲ್ಲ. ಮನೆಯಂಗಳದಲ್ಲಿ ಅರೆಭಾಷೆ, ತೋಟದ ಕೆಲಸದಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಗಡಿಯ ಕಡೆಯಿಂದ ಬಂದ ನೆಂಟರ ಬಾಯಲ್ಲಿ ಮಲೆಯಾಳ. ಗುಡ್ಡದ ಇಳಿಜಾರಿನಲ್ಲಿ ರಬ್ಬರು, ತಗ್ಗಿನಲ್ಲಿ ಅಡಿಕೆ, ನಡುವೆ ಕೆಂಪು ಹೆಂಚಿನ ಮನೆಗಳು. ಮಳೆಗಾಲದಲ್ಲಿ ಈ ಮನೆಗಳ ಜಗಲಿಯಲ್ಲಿ ಕುಳಿತವನಿಗೆ ಆಕಾಶವೇ ಹೆಂಚಿನ ಮೇಲೆ ತಾಳ ಹಾಕುತ್ತಿರುವಂತೆ ತೋರುತ್ತದೆ.

ಸದ್ದಿಗೆ ಹೆದರುವ ಊರು ಇದಲ್ಲ. ಯಕ್ಷಗಾನ ಬಯಲಾಟವಿದ್ದ ಸಂಜೆ, ಆಟಕ್ಕೆ ಮೊದಲೇ ಚೆಂಡೆ ಬಾರಿಸಿ ಗುಡ್ಡದಾಚೆಯ ಊರುಗಳಿಗೂ ಸುದ್ದಿ ಮುಟ್ಟಿಸುವ ಪದ್ಧತಿ ತೆಂಕುತಿಟ್ಟಿನಲ್ಲಿ ಇದೆ. ಅದರ ಹೆಸರೇ ‘ಕೇಳಿ’. ಸುಳ್ಯ ಸೀಮೆಯ ಒತ್ತೆಕೋಲಗಳಲ್ಲಿ ವಿಷ್ಣುಮೂರ್ತಿ ದೈವವು ಕೆಂಡದ ರಾಶಿಗೆ ಹಾಯುವ ಮುಂಜಾವಿನಲ್ಲಿ ಎದ್ದ ವಾದ್ಯಘೋಷ ಎದೆಗೂಡಿನೊಳಗೇ ಮೊಳಗುತ್ತದೆ. ತೊಟ್ಟಿಲ ಕೂಸೂ ಆ ಸದ್ದಿನಲ್ಲೇ ನಿದ್ರಿಸಲು ಕಲಿಯುತ್ತದೆ.

ಮೇ ತಿಂಗಳ ಕೊನೆಯ ವಾರದಲ್ಲಿ ಪತ್ತನಾಜೆ ಬಂದರೆ ಈ ಎಲ್ಲಕ್ಕೂ ತೆರೆ. ಕೋಲಗಳು ನಿಲ್ಲುತ್ತವೆ, ಮೇಳಗಳು ಗೆಜ್ಜೆ ಬಿಚ್ಚುತ್ತವೆ. 2025ರ ಪತ್ತನಾಜೆ ಕಳೆದ ಮೇಲೆ ಆಲೆಟ್ಟಿಯ ಒಂದು ತೋಟದ ಮನೆಯಲ್ಲಿ, ಬಹುಕಾಲ ಹಿಮ್ಮೇಳದಲ್ಲಿ ದುಡಿದ ಹಿರಿಯರೊಬ್ಬರು ತಮ್ಮ ಚೆಂಡೆಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೇರಿಸಿದರು. ಮಗನಿಗೆ ಮಂಗಳೂರಿನಲ್ಲಿ ಉದ್ಯೋಗ, ಮೊಮ್ಮಗನಿಗೆ ಬೆಂಗಳೂರಿನಲ್ಲಿ. ಹಳದಿ ಎಲೆ ರೋಗ ತಗುಲಿದ ತೋಟವನ್ನೇ ನೋಡಿಕೊಳ್ಳುವವರಿಲ್ಲ. ಇನ್ನು ಚೆಂಡೆಯನ್ನು ಯಾರು ಕೇಳಬೇಕು? ಮಳೆ ಬಿಟ್ಟ ಮೇಲೆ ಅದನ್ನು ಯಾವುದಾದರೊಂದು ಮೇಳಕ್ಕೆ ಕೊಟ್ಟುಬಿಡುವುದೆಂದು ಅವರು ಮನೆಯಲ್ಲಿ ತಿಳಿಸಿಬಿಟ್ಟಿದ್ದರು.

ಆಟಿ ತಿಂಗಳಲ್ಲಿ ಮೊಮ್ಮಗ ಹತ್ತು ದಿನದ ರಜೆಯ ಮೇಲೆ ಬಂದ. ಕಿವಿಯೊಳಗೆ ಸದಾ ಒಂದು ಗುಂಡಿ. ಅದರಿಂದ ಸೋರುವುದು ಜಲ್ಲಿ ಅರೆಯುವ ಯಂತ್ರದಂಥ ಸದ್ದು.

“ಇದು ಎಂತದು ಮಾರಾಯ?” ಎಂದರು ಅಜ್ಜ.

“ಹೆವಿ ಮೆಟಲ್, ಅಜ್ಜ.”

“ಲೋಹವೋ? ಒಬ್ಬನೇ ಕೇಳುವಂಥದ್ದಾದರೆ ಅಷ್ಟು ದೊಡ್ಡ ಸದ್ದು ಯಾಕೆ? ಹೊರಗೆ ಹಾಕು, ಕೇಳುವ.”

ಹೀಗೆ ರಾತ್ರಿಗೊಂದು ಆಲ್ಬಮ್ ಕೇಳುವುದೆಂದು ಒಪ್ಪಂದವಾಯಿತು. ಊಟವಾದ ಮೇಲೆ ಚಾವಡಿಯಲ್ಲಿ ಪುಟ್ಟ ಸ್ಪೀಕರು. ಒಂದೆಡೆ ಅಜ್ಜ, ಇನ್ನೊಂದೆಡೆ ಮೊಮ್ಮಗ. ಎಲೆಯಡಿಕೆಯ ತಟ್ಟೆಯೊಡನೆ ಅಜ್ಜಿ. ಮೊಮ್ಮಗ ವಿವರಿಸಬೇಕು, ಅಜ್ಜ ತಮ್ಮ ತೀರ್ಪನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು.

ಬರ್ಮಿಂಗ್‌ಹ್ಯಾಮಿನ ಬೆರಳು

ಮೊದಲ ರಾತ್ರಿ ಮೂಲದ ಕಥೆಯೇ ಆಯಿತು. ಇಂಗ್ಲೆಂಡಿನ ಕೈಗಾರಿಕಾ ನಗರ ಬರ್ಮಿಂಗ್‌ಹ್ಯಾಮಿನಲ್ಲಿ ಟೋನಿ ಅಯೊಮಿ ಎಂಬ ತರುಣ ಲೋಹದ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡ. ಎಡಗೈಯಿಂದ ಮೀಟುವ ಅವನಿಗೆ ತಂತಿಯನ್ನು ಒತ್ತಬೇಕಾದುದು ಅವೇ ಬೆರಳುಗಳಿಂದ. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡ. ಮುಂದೆ ನೋವು ತಗ್ಗಲೆಂದು ತಂತಿಗಳನ್ನೇ ಸಡಿಲಿಸಿದ. ಸಡಿಲಗೊಂಡ ತಂತಿಯಿಂದ ಗಾಢವಾದ, ಭಾರವಾದ ಧ್ವನಿ ಹೊರಟಿತು. 1970ರ ಫೆಬ್ರವರಿ 13ರಂದು ಹೊರಬಂದ ಅವನ ‘ಬ್ಲ್ಯಾಕ್ ಸಬ್ಬತ್’ ತಂಡದ ಮೊದಲ ಆಲ್ಬಮಿನಿಂದಲೇ ಈ ಸಂಗೀತದ ವಂಶಾವಳಿಯನ್ನು ಎಣಿಸುವುದು ರೂಢಿ. 2025ರ ಜುಲೈ 5ರಂದು ಆ ತಂಡ ಹುಟ್ಟೂರಿನಲ್ಲೇ ಕೊನೆಯ ಕಚೇರಿ ನಡೆಸಿತು. ಜುಲೈ 22ರಂದು ಗಾಯಕ ಆಜಿ ಆಸ್ಬರ್ನ್ ತೀರಿಕೊಂಡ.

ಅಜ್ಜ ಕಥೆಯನ್ನು ಮೌನವಾಗಿ ಕೇಳಿದರು. ಮಳೆಗಾಲದ ತೇವಕ್ಕೆ ಚೆಂಡೆಯ ಚರ್ಮ ಸಡಿಲಾಗಿ ನಾದ ಮಂದವಾಗುವುದನ್ನು ಬಲ್ಲವರು ಅವರು. ಆ ದೋಷವನ್ನೇ ಒಬ್ಬ ಗುಣವಾಗಿಸಿಕೊಂಡನೆಂಬುದು ಅವರಿಗೆ ಸೋಜಿಗವೆನಿಸಿತು.

ಹಳೆಯ ಮನೆ, ಹೊಸ ಬಾಗಿಲು

ಎರಡನೆಯ ರಾತ್ರಿ, ಅದೇ ಸೀಮೆಯಲ್ಲಿ ಹುಟ್ಟಿದ ‘ಜೂಡಸ್ ಪ್ರೀಸ್ಟ್’ ತಂಡ 2024ರ ಮಾರ್ಚಿನಲ್ಲಿ ಹೊರತಂದ ‘ಇನ್ವಿನ್ಸಿಬಲ್ ಶೀಲ್ಡ್’. ಇದು ಸಾಂಪ್ರದಾಯಿಕ ಪಂಥ: ಗೀತೆಗೆ ಸ್ಪಷ್ಟವಾದ ಪಲ್ಲವಿ, ಒಂದನ್ನೊಂದು ಬೆನ್ನಟ್ಟುವ ಎರಡು ಗಿಟಾರ್, ತಾರಸ್ಥಾಯಿಯ ಕಂಠ. ತಂಡದ ಮೊದಲ ಆಲ್ಬಮ್ ಬಂದು ಐವತ್ತು ವರ್ಷವಾಗಿತ್ತು. ಗಾಯಕ ರಾಬ್ ಹಾಲ್ಫರ್ಡನಿಗೆ ಎಪ್ಪತ್ತೆರಡು. ಆ ಪ್ರಾಯದಲ್ಲಿ ಆ ಶ್ರುತಿಯನ್ನು ಮುಟ್ಟುವ ಕಂಠಕ್ಕೆ ಅಜ್ಜ ತಲೆದೂಗಿದರು. ಎರಡು ಗಿಟಾರ್‌ಗಳ ಸಂವಾದ ಅವರಿಗೆ ಚೆಂಡೆ ಮದ್ದಳೆಗಳ ಸಂವಾದವಾಗಿ ಕೇಳಿಸಿತು. ಹೊಸತೆಂಬುದು ಇಲ್ಲಿ ಕಡಿಮೆ. ಆದರೆ ಬಲ್ಲ ಕೆಲಸವನ್ನು ಬಲ್ಲವರು ಮಾಡಿದ ನಿಶ್ಚಿಂತೆ ಉದ್ದಕ್ಕೂ ಇದೆ.

ಅದೇ ಪಂಥದ ಬೆಂಗಳೂರಿನ ಕವಲು ‘ಕ್ರಿಪ್ಟೋಸ್’. 1998ರಲ್ಲಿ ಆರಂಭವಾದ ಈ ತಂಡ 2013ರಲ್ಲಿ ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿತು. ವಾಕೆನ್ ಎಂಬುದು ಪಟ್ಟಣವಲ್ಲ. ದನಕರು, ಹುಲ್ಲುಗಾವಲುಗಳ ಪುಟ್ಟ ಹಳ್ಳಿ. 1990ರಿಂದ ಅಲ್ಲಿ ವರ್ಷಕ್ಕೊಮ್ಮೆ ಈ ಸಂಗೀತದ ಜಾತ್ರೆ ನೆರೆಯುತ್ತದೆ; ಹತ್ತಾರು ಸಾವಿರ ಜನ ಬರುತ್ತಾರೆ; ಊರಿನ ಅಗ್ನಿಶಾಮಕ ದಳದ ವಾದ್ಯವೃಂದವೂ ಅಲ್ಲಿ ನುಡಿಸುತ್ತದೆ. ಇದನ್ನು ಕೇಳಿದ ಅಜ್ಜಿ, “ಹಾಗಾದರೆ ಅದು ನಮ್ಮ ಜಾತ್ರೆಯ ಹಾಗೆಯೇ” ಎಂದು ಎಲೆಗೆ ಸುಣ್ಣ ಹಚ್ಚಿದರು. ಕ್ರಿಪ್ಟೋಸ್‌ನ 2024ರ ‘ಡೆಸಿಮೇಟರ್’ ಮಧ್ಯಲಯದಲ್ಲಿ ದೃಢವಾಗಿ ಹೆಜ್ಜೆಯಿಡುವ ಆಲ್ಬಮ್. ಗಿಟಾರ್‌ಗಳು ಇಂಪಾಗಿ ಹೆಣೆದುಕೊಂಡರೆ ಕಂಠ ಮಾತ್ರ ಒರಟು. ಈ ವೈದೃಶ್ಯವೇ ಅದರ ಸೊಗಸು. ಕೈ ಪಳಗಿದೆ, ಲೆಕ್ಕ ತಪ್ಪಿಲ್ಲ. ಆದರೆ ಬೆಂಗಳೂರಿನ ಗುರುತು ಎಲ್ಲಿ? “ಚೆನ್ನಾಗಿ ಬಾರಿಸುತ್ತಾರೆ, ಆದರೆ ಗುರುವಿನ ಮನೆಯಲ್ಲೇ ಊಟ ಮಾಡುತ್ತಿದ್ದಾರೆ,” ಎಂದರು ಅಜ್ಜ.

ಏರುಪದ್ಯದ ಅತಿರೇಕ

ಮೂರನೆಯ ರಾತ್ರಿ ‘ಥ್ರ್ಯಾಶ್’ ಪಂಥದ ಸರದಿ. ವೇಗವೇ ಅದರ ಜೀವಾಳ. ಯಕ್ಷಗಾನದ ಭಾಷೆಯಲ್ಲಿ ಹೇಳುವುದಾದರೆ ಮೊದಲಿಂದ ಕಡೆಯವರೆಗೆ ಏರುಪದ್ಯ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಜನಸಾಗರವನ್ನು ಕುಣಿಸಿದ ‘ಮೆಟಾಲಿಕ’ ತಂಡದ 2023ರ ಆಲ್ಬಮಿನ ಹೆಸರು ‘72 ಸೀಸನ್ಸ್’. ಮನುಷ್ಯನ ಮೊದಲ ಹದಿನೆಂಟು ವರ್ಷಗಳಲ್ಲಿ ಎಪ್ಪತ್ತೆರಡು ಋತುಗಳು. ಉಳಿದ ಬಾಳೆಲ್ಲ ಆ ಋತುಗಳ ಸಾಲ ತೀರಿಸುವುದು ಎಂಬುದು ಅದರ ಭಾವ. ಅಜ್ಜ ಬೆರಳು ಮಡಚಿದರು. “ಅವರಿಗೆ ವರ್ಷಕ್ಕೆ ನಾಲ್ಕು ಋತು. ನಮಗೆ ಆರು. ಹದಿನೆಂಟು ವರ್ಷಕ್ಕೆ ನೂರೆಂಟು!” ಹನ್ನೆರಡು ಹಾಡು, ಎಪ್ಪತ್ತೇಳು ನಿಮಿಷ. ಗಿಟಾರಿನ ಕಸುವು ಕುಗ್ಗಿಲ್ಲ. ಆದರೆ ಮುಕ್ತಾಯ ಎಲ್ಲಿ ಎಂಬ ವಿವೇಕ ಕುಗ್ಗಿದೆ. ಇಳಿಯದವನಿಗೆ ಏರಿದ್ದು ತಿಳಿಯುವುದಾದರೂ ಹೇಗೆ?

ಇದಕ್ಕೆ ವಿರುದ್ಧವಾದುದು ‘ಡೂಮ್’ ಪಂಥ. ನಡೆ ಆಮೆಯದು, ತೂಕ ಆನೆಯದು. ಅದಕ್ಕಾಗಿ ಮೊಮ್ಮಗ ಆರಿಸಿದ್ದು ಬೆಂಗಳೂರಿನ ‘ಬೇವರ್ ಸೀ’ ತಂಡದ 2015ರ ‘ಇನ್ವೋಕ್ ದಿ ಬಿಝಾರ್’. ಹೊಸತಲ್ಲವಾದರೂ ಹೆಸರಿಗಾಗಿಯೇ ಅದನ್ನು ಹಾಕಿದ. ಇಂಗ್ಲಿಷಿನಲ್ಲಿ ಬರೆದರೆ ಈ ಹೆಸರಿನ ಕೊನೆಯಲ್ಲಿ ಒಂದು ಕಡಲು ಕಾಣುತ್ತದೆ. ಬಾಯಲ್ಲಿ ಆಡಿದರೆ ಕನ್ನಡದ ಬೈಗುಳವೊಂದು ಕೇಳುತ್ತದೆ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಜ್ಜ ಮಾತ್ರ ನಗಲಿಲ್ಲ. ಬೇವಾರಸಿ ಎಂದರೆ ವಾರಸುದಾರರಿಲ್ಲದ್ದು ಎಂದೇ ಅರ್ಥ ಎಂದು ನಿಧಾನವಾಗಿ ಹೇಳಿದರು. ಅವರ ದೃಷ್ಟಿ ಅಟ್ಟದ ಏಣಿಯ ಕಡೆಗೆ ಹೋಗಿ ಬಂತು. ಆಲ್ಬಮ್ ಅವರಿಗೆ ಹಿಡಿಸಿತು. ವಿಳಂಬ ಕಾಲದಲ್ಲಿ ಎರಡು ಪೆಟ್ಟಿನ ನಡುವಣ ಮೌನವನ್ನು ತಾಳಿಕೊಳ್ಳಲು ಎದೆಗಾರಿಕೆ ಬೇಕು. ಅದು ಈ ಹುಡುಗರಲ್ಲಿ ಇದೆ ಎಂಬುದು ಅವರ ಮತ.

ಬಣ್ಣದ ವೇಷದ ಆರ್ಭಟ

ಮೊಮ್ಮಗನಿಗೆ ಅಳುಕಿದ್ದುದು ‘ಡೆತ್’ ಪಂಥದ ರಾತ್ರಿಯ ಬಗ್ಗೆ. ಗಂಟಲಿನ ಆಳದಿಂದ ಬರುವ ಗುಡುಗನ್ನು ಹಾಡೆಂದು ಒಪ್ಪುವ ಗೃಹಸ್ಥರು ಬೆಂಗಳೂರಿನಲ್ಲೇ ವಿರಳ. ಅಮೆರಿಕದ ಡೆನ್ವರಿನ ‘ಬ್ಲಡ್ ಇನ್‌ಕ್ಯಾಂಟೇಶನ್’ ತಂಡ 2024ರಲ್ಲಿ ತಂದ ‘ಆಬ್ಸೊಲ್ಯೂಟ್ ಎಲ್ಸ್‌ವೇರ್’ ಆಲ್ಬಮಿನಲ್ಲಿ ಇರುವುದು ಎರಡೇ ಸುದೀರ್ಘ ರಚನೆಗಳು, ಒಂದೊಂದಕ್ಕೂ ಮೂರು ಖಂಡಗಳು. ಬರ್ಲಿನ್ನಿನ ಹೆಸರಾಂತ ಹನ್ಸಾ ಸ್ಟುಡಿಯೋದಲ್ಲಿ ಮುದ್ರಿತವಾದ ಅದರಲ್ಲಿ ಆರ್ಭಟ ಒಮ್ಮೆಲೇ ಕಳಚಿ ಆಕಾಶದಂತೆ ಹರಡುವ ಮೃದುನಾದ ಬರುತ್ತದೆ, ಮತ್ತೆ ಆರ್ಭಟ.

ಗಾಯಕನ ಮೊದಲ ಗರ್ಜನೆಗೆ ಅಜ್ಜನ ಮುಖ ಅರಳಿತು. ತೆಂಕುತಿಟ್ಟಿನ ಬಣ್ಣದ ವೇಷ ತೆರೆಯ ಮರೆಯಿಂದಲೇ ಹಾಕುವ ಅಬ್ಬರ ಇದಲ್ಲದೆ ಮತ್ತೇನು? ಮುಖದ ತುಂಬ ಅಕ್ಕಿಹಿಟ್ಟು ಸುಣ್ಣಗಳ ಚಿಟ್ಟಿಯಿಟ್ಟ ರಕ್ಕಸ ಇಂಪಾಗಿ ಮಾತಾಡಿದರೆ ನಂಬುವವರು ಯಾರು? ಗರ್ಜನೆಯಲ್ಲಿ ಶಬ್ದಾರ್ಥವನ್ನು ಹುಡುಕಬಾರದು, ಪಾತ್ರವನ್ನು ಹುಡುಕಬೇಕು. ನಾರ್ವೆ ದೇಶದ ‘ಬ್ಲ್ಯಾಕ್’ ಪಂಥದವರು ಮುಖಕ್ಕೆ ಬಿಳಿ ಕಪ್ಪು ಬಳಿದುಕೊಂಡು ರಂಗಕ್ಕೆ ಬರುತ್ತಾರೆಂದು ಮೊಮ್ಮಗ ಚಿತ್ರ ತೋರಿಸಿದಾಗ, “ಚಿಟ್ಟಿ ಇಡಲು ತಾಳ್ಮೆ ಇಲ್ಲದವರು!” ಎಂದು ಅಜ್ಜ ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕರು.

ಮೃತ್ಯುಪತ್ರ

ಐದನೆಯ ರಾತ್ರಿಯ ಆಲ್ಬಮ್ ಸ್ವೀಡನ್ನಿನ ‘ಓಪೆತ್’ ತಂಡದ್ದು. 2024ರ ನವೆಂಬರಿನಲ್ಲಿ ಬಂದ ‘ದಿ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’. ಇದು ‘ಪ್ರೋಗ್ರೆಸಿವ್’ ಪಂಥ. ತಾಳ ಮುರಿಯುತ್ತದೆ, ರಾಗ ತಿರುಗುತ್ತದೆ, ಒಂದೇ ರಚನೆಯಲ್ಲಿ ಹಲವು ಮನೋಧರ್ಮ. ಮೊದಲ ಮಹಾಯುದ್ಧದ ನಂತರದ ಕಾಲ; ದೊಡ್ಡ ಮನೆಯ ಯಜಮಾನ ತೀರಿಕೊಂಡಿದ್ದಾನೆ; ಮಕ್ಕಳ ಮುಂದೆ ಅವನ ಮೃತ್ಯುಪತ್ರವನ್ನು ಓದಲಾಗುತ್ತದೆ. ಏಳು ಹಾಡುಗಳಿಗೆ ಹೆಸರಿಲ್ಲ, ದಸ್ತಾವೇಜಿನ ಕಲಮುಗಳಂತೆ ಬರಿಯ ಸಂಖ್ಯೆ. ಎಂಟನೆಯದಕ್ಕೆ ಮಾತ್ರ ಹೆಸರು. ಕಲಮು ಕಲಮಿಗೂ ಮನೆಯ ಗುಟ್ಟು ಹೊರಬೀಳುತ್ತದೆ. 2008ರ ನಂತರ ತಂಡ ಕೈಬಿಟ್ಟಿದ್ದ ಗರ್ಜನೆ ಇಲ್ಲಿ ಸತ್ತ ಯಜಮಾನನ ಧ್ವನಿಯಾಗಿ ಮರಳಿದೆ, ಔಚಿತ್ಯವೆಂದರೆ ಇದು. ಕೇಳಿದ ಎಲ್ಲದರಲ್ಲಿ ರಚನೆಯ ಬಿಗಿಯಿಂದ ಇದೇ ಮೇಲು.

ಅಳಿಯಕಟ್ಟಿನ ಮನೆತನಗಳ ಪಾಲಿನ ವ್ಯಾಜ್ಯಗಳನ್ನು ಕಂಡ ಸೀಮೆಯಲ್ಲಿ ಈ ಕಥೆಗೆ ಟೀಕೆ ಬೇಕಿಲ್ಲ. ಆಲ್ಬಮ್ ಮುಗಿದಾಗ ಚಾವಡಿಯಲ್ಲಿ ಯಾರೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಜ್ಜ, “ಆಸ್ತಿಯನ್ನು ಕಾಗದದಲ್ಲಿ ಬರೆದು ಕೊಡಬಹುದು, ಕೈಯನ್ನು ಕೊಡಲಾಗುವುದಿಲ್ಲ,” ಎಂದರು.

ಡೋಲಿನ ಉತ್ತರ

ಕೊನೆಯ ರಾತ್ರಿ ದೆಹಲಿಯ ‘ಬ್ಲಡಿವುಡ್’ ತಂಡದ 2025ರ ‘ನು ದೆಹಲಿ’. ಇದು ‘ಫೋಕ್’ ಪಂಥ. ಗಿಟಾರ್‌ಗಳ ನಡುವೆ ಪಂಜಾಬಿನ ಡೋಲು, ಕೊಳಲು. ಹಿಂದಿ, ಪಂಜಾಬಿ, ಇಂಗ್ಲಿಷುಗಳ ಮಾತು. ಡೋಲು ಮುಂದೆ ನಿಂತು ನಡೆಸಿದಲ್ಲಿ ಹಾಡು ಮೈತುಂಬಿಕೊಳ್ಳುತ್ತದೆ; ಗಿಟಾರಿನ ಹಿಂದೆ ಅಲಂಕಾರಕ್ಕೆ ನಿಂತಲ್ಲಿ ಸಪ್ಪೆಯಾಗುತ್ತದೆ. ಆದರೂ ಎರವಲು ತಂದ ಮನೆಗೆ ತನ್ನದೇ ದೀಪ ಹಚ್ಚುವ ಧೈರ್ಯ ಇದರಲ್ಲಿ ಉಂಟು. ಅಜ್ಜನ ಬೆರಳು ತೊಡೆಯ ಮೇಲೆ ಡೋಲನ್ನು ಹಿಂಬಾಲಿಸುತ್ತಲೇ ಇತ್ತು. ಮಧ್ಯದಲ್ಲಿ ಕರೆಂಟು ಹೋಯಿತು. ಸ್ಪೀಕರು ತನ್ನ ಪಾಡಿಗೆ ಹಾಡುತ್ತಿತ್ತು. ಕತ್ತಲೆಯಲ್ಲಿ ಹೆಂಚಿನ ಮೇಲಿನ ಮಳೆಯೂ ಅದಕ್ಕೆ ಸೇರಿಕೊಂಡಿತು.

“ಅಜ್ಜ, ಚೆಂಡೆ ಇಳಿಸಲಾ?” ಎಂದ ಮೊಮ್ಮಗ.

ಚೆಂಡೆಯನ್ನು ಅವರು ಇಳಿಸಗೊಡಲಿಲ್ಲ. ಮರುದಿನ ಬೆಳಿಗ್ಗೆ ಅಂಗಳದ ಬದಿಯಿಂದ ಒಂದು ಚಪ್ಪಟೆ ಕಲ್ಲನ್ನು ತರಿಸಿ ಜಗಲಿಯಲ್ಲಿಟ್ಟರು. ಎರಡು ಕೋಲುಗಳನ್ನು ಕೈಗಿತ್ತು, ಮೊದಲ ಪಾಠ ಕಲ್ಲಿನ ಮೇಲೆ, ಕೈ ಸೋತು ಮತ್ತೆ ಪಳಗುವವರೆಗೆ, ಎಂದರು. ಎಷ್ಟು ದಿನವೆಂದು ಅವನು ಕೇಳಿದ. ದಿನದ ಲೆಕ್ಕ ಕೇಳುವವನಿಗೆ ಚೆಂಡೆ ಒಲಿಯುವುದಿಲ್ಲ ಎಂದು ಉತ್ತರ ಬಂತು.

ರಜೆ ತೀರಿ ಮೊಮ್ಮಗ ಬೆಂಗಳೂರಿನ ಬಸ್ಸು ಹತ್ತಿದ. ಚೀಲದಲ್ಲಿ ಬಟ್ಟೆ, ಅಜ್ಜಿ ಕಟ್ಟಿದ ಹಪ್ಪಳ, ನಡುವೆ ಎರಡು ಕೋಲು. ಬಾಡಿಗೆ ಕೋಣೆಯಲ್ಲಿ ಕಲ್ಲಿನ ಸದ್ದಿಗೆ ನೆರೆಯವರು ಏನೆನ್ನುವರೋ, ಪಾಠ ಎಷ್ಟು ಕಾಲ ನಡೆದೀತೋ ಹೇಳಬಲ್ಲವರಿಲ್ಲ. ಆದರೆ ಮಳೆ ಬಿಟ್ಟ ಮೇಲೂ ಆ ಮನೆಯ ಚೆಂಡೆ ಯಾವ ಮೇಳಕ್ಕೂ ಹೋಗಲಿಲ್ಲ. ತೇವಕ್ಕೆ ಸಡಿಲಿದ ಅದರ ಹಗ್ಗಗಳನ್ನು ಅಜ್ಜ ಒಂದೊಂದಾಗಿ ಬಿಗಿದು, ಮತ್ತೆ ಬಟ್ಟೆ ಸುತ್ತಿ ಇಟ್ಟಿದ್ದಾರೆ.