ಬಿ.ಎಸ್ಸಿ. ಮತ್ತು ಸಂಗಡಿಗರು

'ಗೌತಮ್ ಚಟ್ಟೋಪಾಧ್ಯಾಯ ಬಿ.ಎಸ್ಸಿ. ಮತ್ತು ಸಂಗಡಿಗರು.' ಈ ಹೆಸರು ಕೇಳಿದರೆ ನಮ್ಮ ಕಡೆಯವರಿಗೆ ಗಣಪತಿ ಪೆಂಡಾಲು, ಬಾಡಿಗೆ ಕುರ್ಚಿ, ತಬಲಾದವರು ಇನ್ನೂ ಬಂದಿಲ್ಲವೆಂಬ ಅನೌನ್ಸ್‌ಮೆಂಟು ನೆನಪಾಗಬೇಕು. ಆದರೆ ಇದು ಎಪ್ಪತ್ತರ ದಶಕದ ಕಲ್ಕತ್ತಾದ ರಾಕ್ ಬ್ಯಾಂಡು. ಸ್ವಲ್ಪ ಕಾಲ ಹೀಗೆ ಕರೆದುಕೊಂಡಿದ್ದು, ಆಮೇಲೆ ಜೀವನಾನಂದ ದಾಸರ ಒಂದು ಕವಿತೆಯಿಂದ 'ಮೊಹೀನೇರ್ ಘೋಡಾಗುಲಿ' ಎಂಬ ಹೆಸರನ್ನು ಎತ್ತಿಕೊಂಡಿತು. ಮಹೀನನ ಕುದುರೆಗಳು ಎಂದರ್ಥ. ಕೇಳಲು ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ಆ ಬಿ.ಎಸ್ಸಿ.ಯನ್ನು ಕೈಬಿಟ್ಟಿದ್ದಕ್ಕೆ ನನಗೆ ಈಗಲೂ ಸ್ವಲ್ಪ ಬೇಜಾರಿದೆ.

ಈ ಕುದುರೆಗಳು ನನ್ನ ಬಾಳಿಗೆ ಬಂದದ್ದು ಸಾಸಿವೆ ಎಣ್ಣೆಯ ಘಾಟಿನ ಜೊತೆ. ಬೆಂಗಳೂರಿನಲ್ಲಿ ನನ್ನ ರೂಮ್‌ಮೇಟ್ ಬಂಗಾಳಿ. ಮೂರು ವಾರಕ್ಕೇ 'ಗುರು', 'ಸಕ್ಕತ್ತು' ಎರಡನ್ನೂ ಕಲಿತು ಎಲ್ಲದಕ್ಕೂ ಬಳಸುತ್ತಿದ್ದವನು. ಅವನಿಗೆ ಒಂದು ಚಾಳಿ. ಯಾವುದೇ ಒಳ್ಳೆಯದು ಕಂಡರೂ 'ಗುರು, ಇದು ನಮ್ಮದು' ಅನ್ನುವುದು. ರಸಗುಲ್ಲಾ ನಮ್ಮದು, ರಾಷ್ಟ್ರಗೀತೆ ನಮ್ಮದು. 2006ರಲ್ಲಿ 'ಗ್ಯಾಂಗ್‌ಸ್ಟರ್' ಸಿನಿಮಾದ 'ಭೀಗಿ ಭೀಗಿ' ಹಾಡು ಆಟೋದಿಂದ ಹಿಡಿದು ದರ್ಶಿನಿಯವರೆಗೆ ಎಲ್ಲೆಲ್ಲೂ ಕೇಳುತ್ತಿದ್ದಾಗ ಅವನು ಹಾಗೇ ಅಂದ. ನಾನು ನಕ್ಕೆ. ಅವನು ಪೆಟ್ಟಿಗೆಯ ತಳದಿಂದ ಅಣ್ಣನ 1995ರ ಕ್ಯಾಸೆಟ್ ಒಂದನ್ನು ತೆಗೆದು ಹಾಕಿದ. ಅದೇ ರಾಗ!

ಮಾತು ಮಾತ್ರ ಬೇರೆ. ಹಿಂದಿಯಲ್ಲಿ ಅದು ವಿರಹದ ಹಾಡು. ಮೂಲ ಬಂಗಾಳಿಯಲ್ಲಿ ಸ್ಯಾಟಲೈಟು, ಕೇಬಲ್ಲುಗಳ ಕೈಗೆ ಸಿಕ್ಕಿ ಪ್ರಪಂಚವೇ ಕುಗ್ಗಿ ನಡುಮನೆಯ ಟಿ.ವಿ. ಪೆಟ್ಟಿಗೆಯೊಳಗೆ ಸೆರೆಯಾಗಿದೆ ಎಂಬ ಅಳಲು. ಟಿ.ವಿ.ಯನ್ನು ಬೈದ ರಾಗವನ್ನೇ ಹನ್ನೊಂದು ವರ್ಷದ ಮೇಲೆ ಎಲ್ಲ ಟಿ.ವಿ. ಚಾನೆಲ್ಲುಗಳೂ ಹಗಲಿರುಳು ಹಾಕಿದವು. ಗೌತಮ್ ಇದ್ದಿದ್ದರೆ ನಗುತ್ತಿದ್ದರೇನೋ.

ಯಾರು ಈ ಗೌತಮ್? ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುತ್ತ, ಪಾರ್ಕ್ ಸ್ಟ್ರೀಟಿನ ಹೋಟೆಲುಗಳಲ್ಲಿ ಇಂಗ್ಲಿಷ್ ಹಾಡು ನುಡಿಸುತ್ತಿದ್ದ ಹುಡುಗ. ಗಿಟಾರು, ಸ್ಯಾಕ್ಸೊಫೋನು ಎರಡೂ ಗೊತ್ತು. ಆಮೇಲೆ ನಕ್ಸಲ್ ಚಳವಳಿ ಸೇರಿದರು, ಜೈಲು ಕಂಡರು, ಹೊರಬಂದ ಮೇಲೆ ಬಂಗಾಳ ಬಿಟ್ಟು ಜಬಲ್ಪುರ, ಭೋಪಾಲಗಳಲ್ಲಿ ಕಾಲ ಕಳೆದರು. ಮೆಡಿಕಲ್ ರೆಪ್ ಕೆಲಸವನ್ನೂ ಮಾಡಿದರು. ಮರಳಿ ಊರಿಗೆ ಬಂದು ತಮ್ಮಂದಿರನ್ನೂ ಗೆಳೆಯರನ್ನೂ ಸೇರಿಸಿಕೊಂಡು 1975ರ ಹೊತ್ತಿಗೆ ತಂಡ ಕಟ್ಟಿದರು. ಮನೆ ದಕ್ಷಿಣ ಕಲ್ಕತ್ತಾದ ನಾಕ್‌ತಲಾದಲ್ಲಿ. ರಾಕ್‌ಗೆ ಅವರು ಬೆರೆಸಿದ್ದು ಬಂಗಾಳದ ಅಲೆಮಾರಿ ಹಾಡುಗಾರರಾದ ಬಾವುಲರ ಪದಗಳ ಧಾಟಿಯನ್ನು. ಆ ಕಾಲದಲ್ಲಿ ಯಾರಾದರೂ ಶರೀಫರ ತತ್ವಪದಕ್ಕೆ ಎಲೆಕ್ಟ್ರಿಕ್ ಗಿಟಾರು ಹಿಡಿದು ಶಿಶುನಾಳದ ಜಾತ್ರೆಯಲ್ಲಿ ನಿಂತಿದ್ದರೆ ಏನಾಗುತ್ತಿತ್ತೋ, ರವೀಂದ್ರ ಸಂಗೀತದ ಊರಿನಲ್ಲಿ ಇವರಿಗೂ ಹೆಚ್ಚು ಕಡಿಮೆ ಅದೇ ಆಯಿತು.

1977ರಲ್ಲಿ ಮೊದಲ ಪುಟ್ಟ ರೆಕಾರ್ಡು ಬಂತು: 'ಸಂವಿಗ್ನ ಪಾಖಿಕುಲ್ ಓ ಕಲ್ಕಾತಾ ವಿಷಯಕ್'. ಕಳವಳಗೊಂಡ ಹಕ್ಕಿಗಳೂ ಕಲ್ಕತ್ತಾ ವಿಷಯವೂ! ಪಿಎಚ್.ಡಿ. ಪ್ರಬಂಧಕ್ಕೆ ಇಡಬಹುದಾದ ಹೆಸರು. ಅದರ ಒಂದು ಹಾಡಿನಲ್ಲಿ ಪಿಕಾಸೊ, ಬುನ್ಯುಯೆಲ್, ಬೀಟಲ್ಸ್, ಡಿಲನ್, ರವಿಶಂಕರ್, ಅಲಿ ಅಕ್ಬರ್ ಎಲ್ಲರೂ ಒಬ್ಬರ ಹಿಂದೊಬ್ಬರು ಬರುತ್ತಾರೆ. ಇಷ್ಟೆಲ್ಲ ಇಷ್ಟವಾದರೂ ಮನಸ್ಸಿಗೆ ಏನೋ ಸರಿಯಿಲ್ಲ ಎಂಬ ದೂರು ಅದು. ಮುಂದಿನ ಎರಡು ವರ್ಷಗಳಲ್ಲಿ ಇನ್ನೆರಡು ರೆಕಾರ್ಡು. ಕೊಂಡವರು ಕಡಿಮೆ. ಅದೇ ಹೊತ್ತಿಗೆ, 1978ರಲ್ಲಿ, ನಮ್ಮಲ್ಲಿ 'ನಿತ್ಯೋತ್ಸವ' ಕ್ಯಾಸೆಟ್ ಬಂದಿತ್ತು. ನಮ್ಮ ಮನೆಯಲ್ಲಿ ಅದರ ಟೇಪು ಸವೆದು, ಅಪ್ಪ ಪೆನ್ಸಿಲ್ ತೂರಿಸಿ ಸುತ್ತಿ ಸುತ್ತಿ ಕೇಳುತ್ತಿದ್ದರು. ನಾವು ಕವಿಯ ಪದ್ಯಕ್ಕೆ ರಾಗ ಹಾಕಿ ಮನೆಮನೆಗೆ ಮುಟ್ಟಿಸಿದೆವು. ಕಲ್ಕತ್ತಾದ ಈ ಹುಡುಗರು ತಾವೇ ಬರೆದು, ತಾವೇ ಹಾಡಿ, ಯಾರ ಮನೆಗೂ ಮುಟ್ಟದೆ 1981ರಲ್ಲಿ ಚದುರಿದರು.

ಒಬ್ಬೊಬ್ಬರು ಒಂದೊಂದು ದಿಕ್ಕು. ಬಾಸ್ ನುಡಿಸುತ್ತಿದ್ದ, ಗೌತಮ್ ಅವರ ತಮ್ಮ ವಿಶ್ವನಾಥ್ ಅಮೆರಿಕಕ್ಕೆ. ತಂಡಕ್ಕೆ ಹೆಸರು ಹುಡುಕಿಕೊಟ್ಟ ರಂಜನ್ ಘೋಷಾಲ್ ಜಾಹೀರಾತು, ನಾಟಕ ಎಂದು ಬೆಂಗಳೂರಿಗೆ. 2020ರಲ್ಲಿ ಅವರು ತೀರಿಕೊಂಡದ್ದೂ ಇಲ್ಲೇ. ಗೌತಮ್ ಸಿನಿಮಾಕ್ಕೆ ಹೋದರು. 1983ರ 'ನಾಗಮೋತಿ' ಬಂಗಾಳಿಯ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ತಂದಿತು.

ನನಗೆ ಗೌತಮ್ ದೊಡ್ಡವರಾಗಿ ಕಾಣುವುದು ಇದಾದ ಮೇಲೆ. ತೊಂಬತ್ತರ ದಶಕಕ್ಕೆ ಕಲ್ಕತ್ತಾದ ಕಾಲೇಜು ಹುಡುಗರು ಅವರ ಹಳೆಯ ಹಾಡುಗಳನ್ನು ಹಾಡತೊಡಗಿದ್ದರು. ಇಂಥ ಹೊತ್ತಿನಲ್ಲಿ ನಮ್ಮ ಹಿರಿಯ ಗಾಯಕರಾದರೆ ಏನು ಮಾಡುತ್ತಾರೆ? ಶಾಲು ಹೊದೆಸಿಕೊಂಡು, ಅದೇ ಹಾಡುಗಳನ್ನು ಇನ್ನೊಮ್ಮೆ ತಾವೇ ಹಾಡುತ್ತಾರೆ. ಗೌತಮ್ 1995ರಲ್ಲಿ 'ಆಬಾರ್ ಬೊಛೊರ್ ಕುಡಿ ಪೊರೇ' ಎಂಬ ಕ್ಯಾಸೆಟ್ ತಂದರು. ಇಪ್ಪತ್ತು ವರ್ಷದ ನಂತರ ಮತ್ತೆ ಎಂಬ ಆ ಹೆಸರೂ ಜೀವನಾನಂದರದೇ. ರೂಮ್‌ಮೇಟ್ ಅವತ್ತು ನನಗೆ ಕೇಳಿಸಿದ್ದು ಇದನ್ನೇ. ಒಳಗೆ ಹಾಡಿದ್ದು ಹೊಸ ತಲೆಮಾರಿನ ತಂಡಗಳು. ಮೇಲೆ ಬರೆದದ್ದು, ಮೊಹೀನೇರ್ ಘೋಡಾಗುಲಿ ಸಂಪಾದಿತ ಎಂದು. ಕವನ ಸಂಕಲನಕ್ಕೆ ಸಂಪಾದಕರಿರುವುದು ಕಂಡಿದ್ದೆ. ಹಾಡಿನ ಕ್ಯಾಸೆಟ್ಟಿಗೂ ಇರಬಹುದೆಂದು ತಿಳಿದದ್ದು ಆಗ. ಅದೇ ಬಗೆಯಲ್ಲಿ ಇನ್ನೂ ಮೂರು ಕ್ಯಾಸೆಟ್ ಬಂದವು. ಬಂಗಾಳದ ಇವತ್ತಿನ ಬ್ಯಾಂಡುಗಳ ವಂಶವೃಕ್ಷಕ್ಕೆ ಅಲ್ಲೇ ಬೇರು. ಹಾಡುಗಾರನಿಗಿಂತ ಸಂಪಾದಕನೇ ದೊಡ್ಡವನು ಎಂದರೆ ನನ್ನ ರೂಮ್‌ಮೇಟ್ ಜಗಳಕ್ಕೆ ಬರುತ್ತಾನೆ. ಬರಲಿ.

1999ರಲ್ಲಿ, 51ರ ವಯಸ್ಸಿಗೆ, ಗೌತಮ್ ತೀರಿಕೊಂಡರು. ಅವರ ಹಾಡುಗಳು ಈಗ ಸುಲಭವಾಗಿ ಸಿಗುತ್ತವೆ. 1995ರ ಕ್ಯಾಸೆಟ್ಟಿಗೆ ಆಮೇಲೆ ಬನ್ನಿ, 1977ರ ರೆಕಾರ್ಡಿನಿಂದಲೇ ಶುರುಮಾಡಿ. ಧ್ವನಿಮುದ್ರಣ ತೆಳ್ಳಗಿದೆ, ಸೌಂಡು ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಿ.